ನಾಖೋಡಿನಿಂದ ಗ್ರಾವೆಲೋತಿಗೆ: ಸೇನಾನಿ ಸ್ಟೈನ್‌ಮೆಟ್ಸ್

ಪ್ರಷ್ಯದ ಸೈನ್ಯಚರಿತ್ರೆಯನ್ನು ಬರೆದವರಲ್ಲಿ ಅನೇಕರು ಕಾರ್ಲ್ ಫ್ರೀಡ್ರಿಕ್ ಫಾನ್ ಸ್ಟೈನ್‌ಮೆಟ್ಸನನ್ನು ಎರಡು ಬಗೆಯಾಗಿ ಚಿತ್ರಿಸಿದ್ದಾರೆ. 1866ರ ಆಸ್ಟ್ರಿಯದ ಯುದ್ಧದಲ್ಲಿ ಆತನು ‘ನಾಖೋಡಿನ ಸಿಂಹ’. 1870ರ ಫ್ರಾನ್ಸಿನ ಯುದ್ಧದಲ್ಲಿ ಯಾರ ಮಾತಿಗೂ ಮಣಿಯದ ಹಟಮಾರಿ ವೃದ್ಧ. ಮುಪ್ಪಿನಿಂದ ಬುದ್ಧಿ ಮಂಕಾಯಿತೆಂಬುದು ಈ ವ್ಯತ್ಯಾಸಕ್ಕೆ ಸುಲಭವಾದ ಸಮಾಧಾನ. ಆದರೆ ನಾಖೋಡಿನಲ್ಲಿ ಗೆದ್ದಾಗಲೇ ಆತನಿಗೆ ಅರವತ್ತೊಂಬತ್ತು ವರ್ಷವಾಗಿತ್ತು. ಆದುದರಿಂದ ಕಾರಣವನ್ನು ನಾವು ಬೇರೆಡೆಯಲ್ಲಿ ಹುಡುಕಬೇಕಾಗಿದೆ.

ಸ್ಟೈನ್‌ಮೆಟ್ಸನು 1796ರ ಡಿಸೆಂಬರ್ 27ರಂದು ಐಸೆನಾಕಿನಲ್ಲಿ ಜನಿಸಿದನು. ಪ್ರಷ್ಯವು ನೆಪೋಲಿಯನ್ನನಿಗೆ ಸೋತು ದಾರಿದ್ರ್ಯದಲ್ಲಿದ್ದ ಕಾಲದಲ್ಲಿ, ಪೊಮೆರೇನಿಯದ ಸ್ಟೋಲ್ಪ್ ನಗರದ ಸೈನಿಕಶಾಲೆಯಲ್ಲಿ ಓದಿದನು. 1813ರಲ್ಲಿ ವಿಮೋಚನಾ ಯುದ್ಧ ತೊಡಗಿದಾಗ ಅಣ್ಣನೊಡನೆ ಸೇನೆಯನ್ನು ಸೇರಿದನು. ಅಣ್ಣನು ಲೈಪ್‌ಸಿಗ್ ಕದನದಲ್ಲಿ ಮಡಿದನು. ಶಾಂತಿಯಾದ ಮೇಲೆ, ತಾಯಿಗೆ ಕಳುಹಿಸಲೆಂದು ಕೂಡಿಟ್ಟಿದ್ದ ಮೂವತ್ತು ಡ್ಯೂಕಟ್ ನಾಣ್ಯಗಳು ಎಲ್ಲಿ ಖರ್ಚಾದಾವೋ ಎಂಬ ಭಯದಿಂದ ಆತನು ಪ್ಯಾರಿಸ್ ನಗರವನ್ನು ಒಮ್ಮೆ ಮಾತ್ರ ಪ್ರವೇಶಿಸಿದನಂತೆ. ತನ್ನ ಮೇಲೆಯೂ ಇತರರ ಮೇಲೆಯೂ ಕರುಣೆ ತೋರದ ಆ ಸ್ವಭಾವವು ಬಡತನದ ಕೊಡುಗೆಯೆಂದು ನಮಗೆ ತೋರುತ್ತದೆ. ಮುಂದಿನ ಐವತ್ತು ವರ್ಷಗಳ ಸೇವೆಯಲ್ಲಿ ಹೇಳತಕ್ಕ ಸಂಗತಿಗಳು ಕಡಮೆ. 1848ರಲ್ಲಿ ಡೆನ್ಮಾರ್ಕಿನ ವಿರುದ್ಧ ಒಂದು ಪಟಾಲಮನ್ನು ನಡೆಸಿದನು. 1864ರ ವೇಳೆಗೆ ಐದನೆಯ ಸೇನಾವಿಭಾಗದ ಅಧಿಪತಿಯಾದನು.

1866ರ ಜೂನ್ 27ರಂದು ಯುವರಾಜನ ಸೈನ್ಯವು ಸೈಲೀಸಿಯದಿಂದ ಬೆಟ್ಟಗಳ ಇಕ್ಕಟ್ಟಾದ ಹಾದಿಗಳಲ್ಲಿ ಬೊಹೀಮಿಯಕ್ಕೆ ಇಳಿಯಬೇಕಾಗಿತ್ತು. ಸ್ಟೈನ್‌ಮೆಟ್ಸನ ಪಾಲಿಗೆ ಬಂದುದು ನಾಖೋಡಿನ ಹಾದಿ. ಹಿಂದಿನ ದಳಗಳು ಇನ್ನೂ ಬೆಟ್ಟದ ದಾರಿಯಲ್ಲಿರುವಾಗಲೇ ಮುಂಚೂಣಿಯು ವೆಂಜೆಲ್ಸ್‌ಬರ್ಗಿನ ದಿಣ್ಣೆಯಲ್ಲಿ ರಾಮಿಂಗನ ಆಸ್ಟ್ರಿಯನ್ ವಿಭಾಗವನ್ನು ಗಂಟೆಗಟ್ಟಲೆ ತಡೆದು ನಿಂತಿತು. ಆಸ್ಟ್ರಿಯನ್ನರು ಬಂದೂಕಿನ ತುದಿಯ ಬಾಕುಗಳನ್ನು ನಂಬಿ ಒತ್ತೊತ್ತಾದ ಸಾಲುಗಳಲ್ಲಿ ಮೇಲೇರಿ ಬಂದರು. ಪ್ರಷ್ಯನ್ನರ ಕೈಯಲ್ಲಿ ಬೇಗ ಬೇಗನೆ ಹಾರಿಸಬಹುದಾದ ಸೂಜಿ ಬಂದೂಕುಗಳಿದ್ದುವು. ಪ್ರಷ್ಯದ ನಷ್ಟ ಸುಮಾರು 1,100. ಆಸ್ಟ್ರಿಯದ್ದು 5,000ಕ್ಕೂ ಹೆಚ್ಚು. ಮರುದಿನ ಸ್ಕಾಲಿತ್ಸಿನಲ್ಲಿಯೂ ಅದರ ಮರುದಿನ ಶ್ವೈನ್‌ಷೇಡೆಲಿನಲ್ಲಿಯೂ ಆತನು ಇನ್ನೆರಡು ವಿಭಾಗಗಳನ್ನು ಹಿಮ್ಮೆಟ್ಟಿಸಿದನು. ನಾಖೋಡಿನ ದಿನವೇ ಇನ್ನೊಂದು ಹಾದಿಯಲ್ಲಿ ಟ್ರೌಟೆನೌ ಊರಿಗೆ ಇಳಿದ ಬೋನಿನನ ವಿಭಾಗವು ಸೋತು ಸೈಲೀಸಿಯಕ್ಕೆ ಮರಳಿತೆಂಬುದನ್ನು ನೆನೆದರೆ, ಸ್ಟೈನ್‌ಮೆಟ್ಸನ ಸ್ಥೈರ್ಯದ ಬೆಲೆ ತಿಳಿಯುತ್ತದೆ. ಆದರೆ ಈ ಜಯದಲ್ಲಿ ಸೂಜಿ ಬಂದೂಕಿನ ಪಾಲೆಷ್ಟು, ತನ್ನ ಧೈರ್ಯದ ಪಾಲೆಷ್ಟು ಎಂಬ ಲೆಕ್ಕವನ್ನು ಆತನು ಮಾಡಿಕೊಂಡಂತೆ ಕಾಣುವುದಿಲ್ಲ.

1870ರಲ್ಲಿ ಆತನಿಗೆ ದೊರೆತುದು ಮೂರು ಸೈನ್ಯಗಳಲ್ಲಿ ಅತ್ಯಂತ ಚಿಕ್ಕದಾದ ಒಂದನೆಯ ಸೈನ್ಯದ ಆಧಿಪತ್ಯ. ವಿಭಾಗಾಧಿಪತಿಯು ತನ್ನ ಕಣ್ಣಿಗೆ ಕಾಣುವ ಶತ್ರುವನ್ನು ಎದುರಿಸಿದರೆ ಸಾಕು. ಸೈನ್ಯಾಧಿಪತಿಯಾದರೋ ಇತರ ಸೈನ್ಯಗಳ ಚಲನೆಗೆ ತನ್ನದನ್ನು ಹೊಂದಿಸಿಕೊಳ್ಳಬೇಕು. ಮಹಾದಂಡನಾಯಕ ಮೋಲ್ಟ್‌ಕೆಯ ಯೋಜನೆಗೆ ವಿರುದ್ಧವಾಗಿ ಸ್ಟೈನ್‌ಮೆಟ್ಸನು ತನ್ನ ದಳಗಳನ್ನು ರಾಜಕುಮಾರ ಫ್ರೀಡ್ರಿಕ್ ಕಾರ್ಲನ ಎರಡನೆಯ ಸೈನ್ಯಕ್ಕೆ ಮೀಸಲಾದ ದಾರಿಗೆ ತಂದನು. ಆಗಸ್ಟ್ 6ರಂದು ಸ್ಪಿಖೆರೆನ್ ಗುಡ್ಡದಲ್ಲಿ ಆಕಸ್ಮಿಕವಾಗಿ ಕದನ ಹತ್ತಿಕೊಂಡಿತು. ಗೆದ್ದ ಪಕ್ಷಕ್ಕೇ ನಷ್ಟ ಹೆಚ್ಚು, 5,000ಕ್ಕೆ ಸಮೀಪ. ಇಲ್ಲಿ ಒಂದು ಮಾತನ್ನು ನ್ಯಾಯಕ್ಕಾಗಿ ಹೇಳಬೇಕು. ಆ ದಾಳಿಯನ್ನು ಆರಂಭಿಸಿದವನು ಆತನ ಅಧೀನನಾದ ಕಾಮೆಕೆ. ಆಗಸ್ಟ್ 14ರಂದು ಮೆಟ್ಸಿನ ಪೂರ್ವದಲ್ಲಿ ಕದನ ಕೆಣಕಿದವನು ಗೋಲ್ಟ್ಸ್ ಎಂಬ ಇನ್ನೊಬ್ಬ ಅಧೀನ. ಸ್ಟೈನ್‌ಮೆಟ್ಸನು ಅದನ್ನು ನಿಲ್ಲಿಸಲು ಯತ್ನಿಸಿದ್ದನು.

ಆಗಸ್ಟ್ 18ರ ಗ್ರಾವೆಲೋತ್ ಕದನದ ವಿಷಯ ಹಾಗಲ್ಲ. ಮಾನ್ಸ್ ಹಳ್ಳದ ಆಳವಾದ ಕಮರಿಯಾಚೆ ಫ್ರೆಂಚರು ಕಂದಕಗಳಲ್ಲಿ ಕುಳಿತಿದ್ದರು. ಅವರ ಶಾಸ್ಪೊ ಬಂದೂಕಿನ ದೃಷ್ಟಿಪಟ್ಟಿಯು 1,200 ಮೀಟರುಗಳವರೆಗಿತ್ತು. ಸೂಜಿ ಬಂದೂಕಿನದು ಅದರಲ್ಲಿ ಅರ್ಧದಷ್ಟು. ಈಗ ಪ್ರಷ್ಯನ್ನರು ನಾಖೋಡಿನ ಆಸ್ಟ್ರಿಯನ್ನರ ಸ್ಥಾನದಲ್ಲಿದ್ದರು. ಸೇಂಟ್ ಹ್ಯೂಬರ್ಟ್ ತೋಟದಮನೆ ಕೈವಶವಾದೊಡನೆ ಶತ್ರು ಹಿಮ್ಮೆಟ್ಟುತ್ತಿರುವನೆಂದು ಭಾವಿಸಿ, ಕಮರಿಯ ಒಂದೇ ರಸ್ತೆಯಲ್ಲಿ ಕಾಲಾಳುಗಳನ್ನೂ ಫಿರಂಗಿಗಳನ್ನೂ ಅಶ್ವದಳವನ್ನೂ ಸ್ಟೈನ್‌ಮೆಟ್ಸನು ನುಗ್ಗಿಸಿದನು. ದಳಗಳು ಒಂದರ ಮೇಲೊಂದು ಬಿದ್ದು ದಿಗಿಲಿನಿಂದ ಹಿಂದಕ್ಕೆ ಓಡಿದುವು. ಸಂಜೆ, ಆಗ ತಾನೆ ಬಂದಿದ್ದ ಎರಡನೆಯ ವಿಭಾಗವನ್ನೂ ಅದೇ ದಾರಿಯಲ್ಲಿ ಕಳುಹಿಸಲಾಯಿತು. ಕತ್ತಲಲ್ಲಿ ಅವರು ತಮ್ಮವರ ಮೇಲೆಯೇ ಗುಂಡು ಹಾರಿಸಿದರು. ದಿನದ ನಿರ್ಣಯವಾದುದು ಬಹುದೂರ ಉತ್ತರದ ಸೇಂಟ್ ಪ್ರೀವಾ ಗ್ರಾಮದಲ್ಲಿ. ಆ ದಿನದ ಒಟ್ಟು ಜರ್ಮನ್ ನಷ್ಟ ಸುಮಾರು 20,000.

ಈ ಕೊನೆಯ ದಾಳಿಗೆ ಅನುಮತಿಯಿತ್ತವನು ದೊರೆ ವಿಲ್ಹೆಲ್ಮ್. ಮೋಲ್ಟ್‌ಕೆಯೂ ಸ್ಥಳದಲ್ಲಿಯೇ ಇದ್ದನು. ಅಷ್ಟು ಹೊತ್ತಿನಲ್ಲಿ ಅದಕ್ಕೆ ಒಪ್ಪದಿದ್ದರೆ ಸರಿಯಾಗುತ್ತಿತ್ತೆಂದು ಮೋಲ್ಟ್‌ಕೆಯು ತನ್ನ ಯುದ್ಧಚರಿತ್ರೆಯಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. ಆದರೆ ಅಧಿಕಾರ ಕಳೆದುಕೊಂಡವನು ಸ್ಟೈನ್‌ಮೆಟ್ಸನೊಬ್ಬನೇ. ಆತನನ್ನು ಫ್ರೀಡ್ರಿಕ್ ಕಾರ್ಲನ ಅಧೀನಕ್ಕೆ ಒಳಪಡಿಸಿದರು. ಮನಸ್ತಾಪ ಬೆಳೆದು, ಸೆಪ್ಟೆಂಬರಿನಲ್ಲಿ ಯುದ್ಧರಂಗಕ್ಕೆ ಬಹುದೂರವಾದ ಪೋಸೆನ್ ಮತ್ತು ಸೈಲೀಸಿಯ ಪ್ರಾಂತಗಳಿಗೆ ಗವರ್ನರ್ ಜನರಲ್ ಆಗಿ ಕಳುಹಿಸಿದರು. 1871ರ ಏಪ್ರಿಲಿನಲ್ಲಿ ಫೀಲ್ಡ್ ಮಾರ್ಷಲ್ ಪದವಿ ಬಂದಿತು. 1877ರ ಆಗಸ್ಟ್‌ನಲ್ಲಿ ಸೈಲೀಸಿಯದ ಲಾಂಡೆಕ್ ಎಂಬಲ್ಲಿ ಆತನು ತೀರಿಕೊಂಡನು.