ಕೊಲ್ಲಿಗೆ ಹಿತವಾದ ಕೊಳಚೆ ನೀರು

ಊರಿನ ಕೊಳಚೆ ನೀರು ಹರಿದು ಸೇರುವ ಜಾಗವನ್ನು ಜನ ಮೂಗು ಮುಚ್ಚಿಕೊಂಡು ದಾಟುವುದೇ ಲೋಕರೂಢಿ. ಆದರೆ ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು, ಕೊರಳಿಗೆ ದುರ್ಬೀನು ತೂಗಿಸಿಕೊಂಡು ಹೋಗುವವರ ಊರೂ ಒಂದಿದೆ. ಅದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಆರ್ಕೇಟಾ. ಸ್ಯಾನ್‌ಫ್ರಾನ್ಸಿಸ್ಕೋಗೆ ಸುಮಾರು 450 ಕಿ.ಮೀ. ಉತ್ತರದಲ್ಲಿ, ಹಂಬೋಲ್ಟ್ ಕೊಲ್ಲಿಯ ದಂಡೆಯಲ್ಲಿದೆ. ದಿಮ್ಮಿ ಕೊಯ್ಯುವ ಕಾರ್ಖಾನೆಗಳಿಂದ ಬೆಳೆದ ಈ ಊರಿನ ಜನಸಂಖ್ಯೆ 1980ರಲ್ಲಿ ಹನ್ನೆರಡು ಸಾವಿರದಷ್ಟಿತ್ತು.

ಮೊದಲು ಆರ್ಕೇಟಾದ ಕೊಳಚೆಯೂ ನೇರವಾಗಿ ಕೊಲ್ಲಿಗೇ ಹೋಗುತ್ತಿತ್ತು. 1949ರಲ್ಲಿ ಅದನ್ನು ಒಂದಿಷ್ಟು ತಿಳಿಗೊಳಿಸುವ ಘಟಕ ಬಂತು. 1950ರ ದಶಕದಲ್ಲಿ ಬಿಸಿಲು, ಗಾಳಿ, ಪಾಚಿಗಳ ನೆರವಿನಿಂದ ನೀರನ್ನು ಹದಗೊಳಿಸುವ ದೊಡ್ಡ ಕೊಳಗಳಾದವು. ಇಷ್ಟು ಸಾಲದೆಂದು ರಾಜ್ಯ ಸರಕಾರಕ್ಕೆ ಅನ್ನಿಸಿದ್ದು 1974ರಲ್ಲಿ. ಕೊಲ್ಲಿ, ಅಳಿವೆಗಳಿಗೆ ಊರುಗಳು ತ್ಯಾಜ್ಯ ನೀರು ಬಿಡುವುದನ್ನು ಕ್ರಮೇಣ ನಿಲ್ಲಿಸಬೇಕೆಂಬ ನೀತಿ ಆಗ ಹೊರಟಿತು. ಇದರಿಂದ ಹುಟ್ಟಿದ್ದು ಸುತ್ತಲಿನ ಊರುಗಳಿಗೆಲ್ಲ ಸೇರಿ ಒಂದೇ ಬೃಹತ್ ಘಟಕ ಕಟ್ಟುವ ಯೋಜನೆ. ಕೊಳಚೆಯನ್ನು ಪಂಪು ಮಾಡಿ, ಕೊಲ್ಲಿಯ ತಳದ ಕೊಳವೆಯಲ್ಲಿ ಸಾಗಿಸಿ, ಶುದ್ಧಗೊಳಿಸಿ ಸಮುದ್ರಕ್ಕೆ ಬಿಡುವುದು ಅದರ ಉದ್ದೇಶ. ಅಂದಾಜು ವೆಚ್ಚ ಏರುತ್ತ ಏರುತ್ತ 5 ಕೋಟಿ ಡಾಲರ್ ದಾಟಿತು. ಪಂಪುಗಳಿಗೆ ವಿದ್ಯುತ್ತು ಎಂದೆಂದಿಗೂ ಬೇಕು; ಸಾಲದ್ದಕ್ಕೆ ಅದು ಭೂಕಂಪದ ಸೀಮೆ. ಆರ್ಕೇಟಾ ಪುರಸಭೆ ಒಪ್ಪಲಿಲ್ಲ.

ಆದರೆ ಒಲ್ಲೆನೆಂದರೆ ಮುಗಿಯುವುದೆ? ಬೇರೆ ದಾರಿ ತೋರಿಸಬೇಕಿತ್ತು. ಆ ದಾರಿ ನೀತಿಯ ಒಳಗೇ ಇತ್ತು. ತ್ಯಾಜ್ಯ ನೀರಿನಿಂದ ಕೊಲ್ಲಿಯ ಸ್ಥಿತಿ ಮೊದಲಿಗಿಂತ ‘ಉತ್ತಮಗೊಳ್ಳುವುದಾದರೆ’ ಬಿಡಬಹುದೆಂಬ ಒಂದು ವಿನಾಯಿತಿ ಅದರಲ್ಲಿತ್ತು. ಕೊಳಚೆಯಿಂದ ಕೊಲ್ಲಿಗೆ ಹಿತವೆ? ಅದನ್ನು ಸಾಧಿಸಿ ತೋರಿಸುವವರು ಯಾರೆಂದು ನೀತಿ ಬರೆದವರು ಎಣಿಸಿರಲಾರರು! ಊರಿನಲ್ಲೇ ಇದ್ದ ಹಂಬೋಲ್ಟ್ ವಿಶ್ವವಿದ್ಯಾನಿಲಯ ಆರ್ಕೇಟಾದ ಕೈ ಹಿಡಿಯಿತು. ಮೀನುಗಾರಿಕೆಯ ಪ್ರಾಧ್ಯಾಪಕ ಜಾರ್ಜ್ ಆ್ಯಲನ್ ಶುದ್ಧಗೊಳಿಸಿದ ಕೊಳಚೆ ನೀರಿಗೆ ಕಡಲ ನೀರು ಬೆರೆಸಿ ಸಾಲ್ಮನ್ ಮರಿಗಳನ್ನು ಆಗಲೇ ಸಾಕುತ್ತಿದ್ದರು. ಪರಿಸರ ಎಂಜಿನಿಯರ್ ರಾಬರ್ಟ್ ಗೇರ್‌ಹಾರ್ಟ್ ಜೌಗು ನೆಲದ ಪರೀಕ್ಷೆಗೆ ಇಳಿದರು. 1979ರಿಂದ ಮೂರು ವರ್ಷ ಸಣ್ಣ ಸಣ್ಣ ಮಡಿಗಳಲ್ಲಿ ಪ್ರಯೋಗ ನಡೆಯಿತು.

ಜೊಂಡು ನೀರಿನ ಕೊಳೆಯನ್ನೆಲ್ಲ ಹೀರಿಬಿಡುತ್ತದೆಂದು ತಿಳಿಯುವವರುಂಟು. ನಿಜವಾದ ಕೆಲಸ ಹೆಚ್ಚಾಗಿ ಕಣ್ಣಿಗೆ ಕಾಣದವರದು. ನೀರಿನೊಳಗಿನ ಜೊಂಡು, ಆಪಿನ ದಂಟುಗಳಿಗೆ ಲೋಳೆಯಂತೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಕೊಳೆಯನ್ನು ಅರಗಿಸುತ್ತವೆ. ದಂಟುಗಳು ದಟ್ಟವಾದಲ್ಲಿ ನೀರಿನ ಓಟ ತಗ್ಗಿ ಕಣಗಳು ತಳ ಸೇರುತ್ತವೆ. ಕೊಳಗಳಿಂದ ಬಂದ ಪಾಚಿ ನೆರಳಿನಲ್ಲಿ ಬಿಸಿಲು ಕಾಣದೆ ಸಾಯುತ್ತದೆ. ಹಾಗೆಂದು ಯಂತ್ರಗಳನ್ನು ಕೈಬಿಟ್ಟರೆಂದಲ್ಲ. ಗಟ್ಟಿ ಕೊಳೆಯನ್ನು ಮೊದಲೇ ಬೇರ್ಪಡಿಸಬೇಕು, ರೋಗಾಣುಗಳನ್ನು ಕೊಲ್ಲಲೇಬೇಕು. ಕೊಲ್ಲಿಯಲ್ಲಿ ಸಿಂಪಿ ಬೆಳೆದು ಮಾರುವವರಿದ್ದುದರಿಂದ ಇದು ಸಣ್ಣ ಮಾತಲ್ಲ.

1983ರಲ್ಲಿ ಒಪ್ಪಿಗೆ ಸಿಕ್ಕಿತು. 1986ರಲ್ಲಿ ಇಡೀ ವ್ಯವಸ್ಥೆ ಕೆಲಸ ಆರಂಭಿಸಿತು. ಜೌಗಾಗಿ ಮಾರ್ಪಟ್ಟಿದ್ದು ಪಾಳುಬಿದ್ದ ದಿಮ್ಮಿ ಕೊಳ, ಮುಚ್ಚಿಹೋದ ಕಸದ ತಿಪ್ಪೆಗಳಿದ್ದ ದಂಡೆ. ಹಕ್ಕಿಗಳು ಒಪ್ಪಿಗೆಗೆ ಕಾಯಲಿಲ್ಲ, ನೀರು ನಿಂತೊಡನೆ ಬಂದವು. ಈವರೆಗೆ ಅಲ್ಲಿ ಮುನ್ನೂರಕ್ಕೂ ಮಿಕ್ಕ ಜಾತಿಗಳನ್ನು ಗುರುತಿಸಿದ್ದಾರೆ. 1987ರಲ್ಲಿ ಫೋರ್ಡ್ ಪ್ರತಿಷ್ಠಾನ, ಹಾರ್ವರ್ಡ್ ವಿಶ್ವವಿದ್ಯಾನಿಲಯಗಳ ಪ್ರಶಸ್ತಿಯೂ ಬಂತು.

ಈಗಿನ ಚಿಂತೆ ಬೇರೆ. ಕೊಳಚೆ ಇಳಿಜಾರಿನಲ್ಲಿ ತಾನಾಗಿ ಹರಿದು ಬರಲೆಂದು ಘಟಕವನ್ನು ತಗ್ಗಿನಲ್ಲಿ ಕಟ್ಟಿದ್ದರು. ಹಂಬೋಲ್ಟ್ ಕೊಲ್ಲಿಯ ಸುತ್ತ ಕಡಲು ಏರುತ್ತಿರುವ ಹಾಗೇ ನೆಲವೂ ಕುಸಿಯುತ್ತಿದೆ. ನೆಲದ ಲೆಕ್ಕದಲ್ಲಿ ನೀರಿನ ಏರಿಕೆ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲೇ ಇಲ್ಲಿ ಅತಿ ವೇಗದ್ದು. ಕೊಳಗಳಿಗೂ ಕೊಲ್ಲಿಗೂ ನಡುವೆ ಇರುವುದು ಒಂದು ಮಣ್ಣಿನ ಏರಿ.