ಯೋಜನಾ ನಿಗಾ ಮತ್ತು ಪರೀಕ್ಷಾ ನಿರ್ವಹಣೆಯ ತಂತ್ರಾಂಶಗಳು: ಸಿ.ವಿ. ರಾಮನ್ ನಗರ

ತಂತ್ರಾಂಶವೊಂದು ತಯಾರಾಗುವಾಗ ಯಾವ ಕೆಲಸ ಯಾರ ಕೈಯಲ್ಲಿದೆ, ಎಂದಿಗೆ ಮುಗಿಯಬೇಕು, ಯಾವುದರ ಪರೀಕ್ಷೆ ಆಗಿದೆ, ಸಿಕ್ಕ ದೋಷಗಳಲ್ಲಿ ಎಷ್ಟು ಬಾಕಿ ಎಂಬ ಲೆಕ್ಕ ಇಡುವ ಸಾಧನಗಳಿವು. ಬೆಂಗಳೂರಿನ ಪೂರ್ವಭಾಗದ ಸಿ.ವಿ. ರಾಮನ್ ನಗರದಲ್ಲಿ ಈ ಕೆಲಸದ ಎರಡು ಪರಂಪರೆಗಳು ಅಕ್ಕಪಕ್ಕದಲ್ಲೇ ಇವೆ: ಒಂದು ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಪ್ರಯೋಗಾಲಯಗಳದು, ಇನ್ನೊಂದು ಬಾಗ್ಮನೆ ಟೆಕ್ ಪಾರ್ಕಿನ ಕಂಪನಿಗಳದು. ಸಾಧನಗಳನ್ನು ಹೋಲಿಸಲು ಹೊರಟವರು ಸಾಮಾನ್ಯವಾಗಿ ಸೌಲಭ್ಯಗಳ ಪಟ್ಟಿ ಹಿಡಿದು ಕೂರುತ್ತಾರೆ. ಲೆಕ್ಕ ಕೇಳುವವರು ಯಾರು ಎಂದು ಮೊದಲು ನೋಡುವುದೇ ವಾಸಿ. ಪಟ್ಟಿಯ ಅರ್ಧ ಪ್ರಶ್ನೆಗಳು ಅಲ್ಲಿಗೇ ಮುಗಿಯುತ್ತವೆ.

ಡಿಆರ್‌ಡಿಒ ಪ್ರಯೋಗಾಲಯಗಳಲ್ಲಿ ಎಡಿಇ ಎಂದು ಪರಿಚಿತವಾದ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್ ಶುರುವಾದದ್ದು 1959ರಲ್ಲಿ. ವಿಮಾನ ಎಂಜಿನ್‌ಗಳ ಪ್ರಯೋಗಾಲಯ ಜಿಟಿಆರ್‌ಇ 1961ರಲ್ಲಿ ಕಾನ್ಪುರದಿಂದ ಬೆಂಗಳೂರಿಗೆ ಬಂತು. ಎರಡರ ವಿಳಾಸದಲ್ಲೂ ಸುರಂಜನ್ ದಾಸ್ ರಸ್ತೆ ಇದೆ. ಎಚ್‌ಎಫ್-24 ಮಾರುತ್ ವಿಮಾನವನ್ನು 1961ರಲ್ಲಿ ಮೊದಲು ಹಾರಿಸಿದವರು ಆ ರಸ್ತೆಗೆ ಹೆಸರಾದ ಗ್ರೂಪ್ ಕ್ಯಾಪ್ಟನ್ ದಾಸ್; 1970ರಲ್ಲಿ ಅದೇ ವಿಮಾನದ ಪರೀಕ್ಷಾ ಹಾರಾಟದಲ್ಲಿ ತೀರಿಕೊಂಡರು. ಪರೀಕ್ಷೆಯೆಂದರೆ ಬರೀ ಕಾಗದದ ವ್ಯವಹಾರವಲ್ಲ ಎಂಬುದನ್ನು ಈ ಬಡಾವಣೆಗೆ ಬೇರೆಯಾಗಿ ಹೇಳಬೇಕಿರಲಿಲ್ಲ.

ಆ ಕಾಲದ ದೊಡ್ಡ ಯೋಜನೆಗಳಿಗೆ ಆಧಾರವಾಗಿದ್ದದ್ದು ಪರ್ಟ್ ನಕ್ಷೆ. ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ 1958ರಲ್ಲಿ ರೂಪಿಸಿದ ಈ ವಿಧಾನದಲ್ಲಿ ಪ್ರತಿ ಕೆಲಸಕ್ಕೂ ಮೂರು ಅಂದಾಜು ಹಾಕುತ್ತಾರೆ: ಎಲ್ಲ ಕೂಡಿಬಂದರೆ ಎಷ್ಟು ದಿನ, ಮಾಮೂಲಾಗಿ ಎಷ್ಟು, ಏನೂ ಸರಿಹೋಗದಿದ್ದರೆ ಎಷ್ಟು. ಮಾಮೂಲಿನ ಅಂಕಿಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿದರೆ ನಿರೀಕ್ಷಿತ ಅವಧಿ. 1980ರ ದಶಕದಲ್ಲಿ ಪ್ರೈಮವೆರಾ ಮತ್ತು ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಈ ಬಗೆಯ ಜಾಲನಕ್ಷೆಯನ್ನು ಕಂಪ್ಯೂಟರ್ ಪರದೆಗೆ ತಂದವು. ಕಟ್ಟಡ, ಕಾರ್ಖಾನೆ, ಎಂಜಿನ್‌ಗಳಿಗೆ ಅದು ಒಗ್ಗಿತು. ತಂತ್ರಾಂಶಕ್ಕೆ ಸಾಲಲಿಲ್ಲ, ಏಕೆಂದರೆ ಅಲ್ಲಿ ಮುಗಿಯಿತು ಎಂದ ಕೆಲಸ ಬಗ್ ರೂಪದಲ್ಲಿ ವಾಪಸ್ ಬರುತ್ತದೆ.

ಇದರ ಬಿಸಿ ತಟ್ಟಿದ್ದು ತೇಜಸ್ ಯೋಜನೆಯಲ್ಲಿ. 1983ರಲ್ಲಿ ಮಂಜೂರಾದ ಈ ಹಗುರ ಯುದ್ಧವಿಮಾನವನ್ನು ಗಾಳಿಯಲ್ಲಿ ತನ್ನಷ್ಟಕ್ಕೆ ಸ್ಥಿರವಾಗಿ ನಿಲ್ಲದಂತೆಯೇ ವಿನ್ಯಾಸ ಮಾಡಲಾಗಿದೆ. ಅದನ್ನು ಹಿಡಿತದಲ್ಲಿಡುವುದು ಎಡಿಇ ಅಭಿವೃದ್ಧಿಪಡಿಸಿದ, ನಾಲ್ಕು ಸಮಾನ ಚಾನೆಲ್‌ಗಳ ಹಾರಾಟ ನಿಯಂತ್ರಣ ಕಂಪ್ಯೂಟರ್. 1998ರ ಪೋಖ್ರಾನ್ ಅಣು ಪರೀಕ್ಷೆಯ ನಂತರ ಅಮೆರಿಕ ದಿಗ್ಬಂಧನ ಹೇರಿದಾಗ ಈ ನಿಯಂತ್ರಣ ವ್ಯವಸ್ಥೆಗಾಗಿ ಅಲ್ಲಿನ ಲಾಕ್‌ಹೀಡ್ ಮಾರ್ಟಿನ್ ಕಂಪನಿ ಜತೆ ನಡೆದಿದ್ದ ಕೆಲಸ ನಿಂತುಹೋಯಿತು. ವಿಮಾನ ಮೊದಲು ಹಾರಿದ್ದು 2001ರ ಜನವರಿ 4ರಂದು.

ಇಂಥ ತಂತ್ರಾಂಶದಲ್ಲಿ ಮುಖ್ಯ ದಾಖಲೆ ಟ್ರೇಸಬಿಲಿಟಿ ಮ್ಯಾಟ್ರಿಕ್ಸ್. ಅದರ ಒಂದು ಸಾಲು ಹೀಗಿರುತ್ತದೆ: ಅಗತ್ಯದ ಕ್ರಮಸಂಖ್ಯೆ, ವಿನ್ಯಾಸದ ಭಾಗ, ಕೋಡ್‌ನ ಘಟಕ, ಟೆಸ್ಟ್ ಕೇಸ್ ಸಂಖ್ಯೆ, ಫಲಿತಾಂಶ, ದೋಷ ವರದಿ. ಒಂದು ಮನೆ ಖಾಲಿ ಬಿದ್ದರೂ ಉತ್ತರ ಕೊಡಬೇಕು. 1992ರ ಡಿಒ-178ಬಿ ಮಾರ್ಗಸೂಚಿ ವೈಮಾನಿಕ ತಂತ್ರಾಂಶದಿಂದ ಬಯಸಿದ್ದು ಇದನ್ನೇ. ನಮ್ಮ ಸೇನಾ ವಿಮಾನಗಳಿಗೆ ಒಪ್ಪಿಗೆ ಕೊಡುವುದು ಮಾರತ್ತಹಳ್ಳಿಯ ಸೆಮಿಲಾಕ್. ವೈಮಾನಿಕ ಉದ್ಯಮದಲ್ಲಿ ಡೋರ್ಸ್‌ನಂಥ ಅಗತ್ಯ ನಿರ್ವಹಣಾ ಸಾಧನಗಳು ಗಟ್ಟಿಯಾಗಿ ಬೇರೂರಿದ್ದಕ್ಕೆ ಕಾರಣ ಈ ಸಾಲು. ಬಳಸಲು ಅವು ಹಿತವೇನಲ್ಲ, ಆದರೆ ಬದಲಾವಣೆಯ ಹಿಂದಿನ ಪ್ರತಿ ಹೆಜ್ಜೆಯನ್ನೂ ತೋರಿಸುತ್ತವೆ.

ಖಾಸಗಿ ಪರಂಪರೆಗೆ 1985 ಮುಖ್ಯ ವರ್ಷ. ಆಗ ಮಿಲ್ಲರ್ಸ್ ರಸ್ತೆಯಲ್ಲಿ ಶುರುವಾದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮುಂದೆ ಬೈರಸಂದ್ರ ಪಕ್ಕದ ಬಾಗ್ಮನೆ ಆವರಣಕ್ಕೆ ಬಂತು. ಮೊಟೊರೊಲಾದ ಕಚೇರಿಯೂ ನಂತರ ಇಲ್ಲಿಗೇ ಬಂತು. ಅದರ ಬೆಂಗಳೂರು ಘಟಕಕ್ಕೆ 1993ರಲ್ಲಿ, ತಂತ್ರಾಂಶ ತಯಾರಿಕೆಯ ಪಕ್ವತೆಯನ್ನು ಅಳೆಯುವ ಸಿಎಂಎಂ ಮಾದರಿಯ ಐದನೇ ಹಂತದ ಮಾನ್ಯತೆ ಸಿಕ್ಕಿದ್ದು ಊರಿನ ಉದ್ಯಮಕ್ಕೆಲ್ಲ ಮೇಲ್ಪಂಕ್ತಿಯಾಯಿತು. ಆ ಮಾದರಿಯ ಪ್ರಕಾರ ಪ್ರಕ್ರಿಯೆಗಳನ್ನು ಅಳೆಯಬೇಕು, ಅಳತೆಗೆ ಸಾಕ್ಷಿ ಬೇಕು. ಆ ಸಾಕ್ಷಿ ಬಹುಕಾಲ ಎಕ್ಸೆಲ್ ಹಾಳೆಗಳಲ್ಲೇ ಇತ್ತು; ಇವತ್ತಿಗೂ ಎಕ್ಸೆಲ್ ಸತ್ತಿಲ್ಲ.

ಮರ್ಕ್ಯುರಿ ಇಂಟರ್‌ಆಕ್ಟಿವ್ ಕಂಪನಿಯ ಟೆಸ್ಟ್ ಡೈರೆಕ್ಟರ್ (ಮುಂದೆ ಕ್ವಾಲಿಟಿ ಸೆಂಟರ್) ಅಗತ್ಯ, ಪರೀಕ್ಷಾ ಯೋಜನೆ, ಪರೀಕ್ಷೆಯ ಓಟ, ದೋಷ ಈ ನಾಲ್ಕನ್ನೂ ಒಂದೇ ಸೂರಿನಡಿ ತಂದಿತು. 2006ರಲ್ಲಿ ಎಚ್‌ಪಿ ಮರ್ಕ್ಯುರಿಯನ್ನು ಸುಮಾರು 450 ಕೋಟಿ ಡಾಲರಿಗೆ ಕೊಂಡಿತು. ವಿದೇಶಿ ಕ್ಲೈಂಟಿಗೆ ವರದಿ ಒಪ್ಪಿಸಬೇಕಾದ ಸೇವಾ ಕಂಪನಿಗಳಿಗೆ ಈ ಸಾಧನ ಹೇಳಿಮಾಡಿಸಿದಂತಿತ್ತು. ಬೆಲೆಯೇ ತೊಡಕು: ಏಕಕಾಲಕ್ಕೆ ಎಷ್ಟು ಜನ ಎಂಬ ಲೆಕ್ಕದ ಲೈಸೆನ್ಸ್ ಭರ್ತಿಯಾದರೆ, ಯಾರಾದರೂ ಲಾಗೌಟ್ ಆಗುವ ತನಕ ಮುಂದಿನವರು ಕಾಯಬೇಕು.

ದುಡ್ಡಿಲ್ಲದವರ ದಾರಿ ಬೇರೆ. ಮೊಜಿಲ್ಲಾದಿಂದ 1998ರಲ್ಲಿ ಬಂದ ಬಗ್‌ಜಿಲ್ಲಾ ಉಚಿತ. ಬಗ್ ಹೊಸದು, ಒಬ್ಬರಿಗೆ ವಹಿಸಿದ್ದು, ಪರಿಹಾರವಾದದ್ದು, ಪರಿಶೀಲಿಸಿದ್ದು ಎಂದು ಅದು ಸಾಗುತ್ತಿತ್ತು. ಪರಿಹಾರದ ಬಗೆಗಳಲ್ಲಿ ‘ವರ್ಕ್ಸ್ ಫಾರ್ ಮಿ’ ಎಂಬುದೊಂದಿತ್ತು, ಅಂದರೆ ನನ್ನ ಮೆಷಿನ್ನಲ್ಲಿ ಸರಿಯಾಗಿಯೇ ಓಡುತ್ತಿದೆ. ಡೆವಲಪರ್ ಮತ್ತು ಟೆಸ್ಟರ್ ನಡುವೆ ಅರ್ಧ ಜಗಳಗಳಿಗೆ ಇದೇ ಮೂಲ. ಟೆಸ್ಟ್ ಕೇಸ್ ಇಡಲು ಬಗ್‌ಜಿಲ್ಲಾದಲ್ಲಿ ಜಾಗವಿಲ್ಲ. ಪಿಎಚ್‌ಪಿಯಲ್ಲಿ ಬರೆದ ಟೆಸ್ಟ್‌ಲಿಂಕ್ ಜೋಡಿಸಿದರೆ ಫೇಲ್ ಆದ ಪರೀಕ್ಷೆಗೆ ಬಗ್ ಸಂಖ್ಯೆ ಅಂಟುತ್ತದೆ. 2006ರ ರೆಡ್‌ಮೈನ್ ನಿಗಾ, ಕಾಲಪಟ್ಟಿ, ವಿಕಿ ಎಲ್ಲ ಕೊಟ್ಟಿತು. ಉಚಿತವೆಂದರೂ ಸರ್ವರ್ ನೋಡಿಕೊಳ್ಳಲು ಒಬ್ಬರ ಸಂಬಳ ಬೇಕೇ ಬೇಕು. ಹೋಲಿಕೆಯ ಪಟ್ಟಿಗಳು ಈ ಖರ್ಚನ್ನು ಬಿಟ್ಟುಬಿಡುತ್ತವೆ.

ಆಸ್ಟ್ರೇಲಿಯಾದ ಅಟ್ಲಾಸಿಯನ್ 2002ರಲ್ಲಿ ತಂದ ಜೀರಾ ಬಗ್ ದಾಖಲೆಗಾಗಿ ಹುಟ್ಟಿದ್ದು. ಚಿಕ್ಕ ಸುತ್ತುಗಳಲ್ಲಿ ಕೆಲಸ ಮಾಡುವ ಅಜೈಲ್ ಪದ್ಧತಿ ಹಬ್ಬಿದಂತೆ, ಆ ಸುತ್ತಿನ ಕೆಲಸಗಳನ್ನು ತೋರಿಸುವ ಸ್ಪ್ರಿಂಟ್ ಫಲಕ ಸೇರಿಕೊಂಡು ಅದು ಎಲ್ಲ ಕೆಲಸದ ಟಿಕೆಟ್ಟಾಯಿತು. ಪರೀಕ್ಷಾ ನಿರ್ವಹಣೆ ಅದರೊಳಗಿಲ್ಲ, ಎಕ್ಸ್‌ರೇ ಅಥವಾ ಜೆಫಿರ್‌ನಂಥ ಪ್ಲಗಿನ್ ಸೇರಿಸಿಕೊಳ್ಳಬೇಕು. ಪ್ರತ್ಯೇಕವಾಗಿ ಬೇಕೆಂದವರು ಟೆಸ್ಟ್‌ರೇಲ್ ಕೊಳ್ಳುತ್ತಾರೆ. ಸೆಮಿಲಾಕ್‌ನಂಥ ಒಪ್ಪಿಗೆ ಸಂಸ್ಥೆಗೆ ಉತ್ತರಿಸಬೇಕಿಲ್ಲದ, ತಮ್ಮ ತಂಡಕ್ಕಷ್ಟೇ ಉತ್ತರಿಸುವ ಉತ್ಪನ್ನ ಕಂಪನಿಗಳಿಗೆ ಇದು ಸಾಕು. ಆದರೆ ಜೀರಾದಲ್ಲಿ ಹಂತಗಳನ್ನು ಬೇಕಾದಂತೆ ಬದಲಿಸಬಹುದಾದ್ದರಿಂದ ಎರಡು ತಂಡಗಳ ‘ಡನ್’ ಒಂದೇ ಆಗಿರುವುದಿಲ್ಲ.

ಅಟ್ಲಾಸಿಯನ್ 2021ರ ಫೆಬ್ರವರಿಯಲ್ಲಿ, ಗ್ರಾಹಕರು ತಮ್ಮದೇ ಯಂತ್ರದಲ್ಲಿ ಇಟ್ಟುಕೊಳ್ಳುವ ಸರ್ವರ್ ಆವೃತ್ತಿಯ ಹೊಸ ಮಾರಾಟ ನಿಲ್ಲಿಸಿ, 2024ರ ಫೆಬ್ರವರಿ 15ಕ್ಕೆ ಬೆಂಬಲವನ್ನೂ ಮುಗಿಸಿತು. ಹೊರಗಿನ ಇಂಟರ್‌ನೆಟ್‌ನಿಂದ ದೂರವಿಟ್ಟ ಆಂತರಿಕ ಜಾಲದಲ್ಲಿ ಕೆಲಸ ಮಾಡುವ ರಕ್ಷಣಾ ತಂಡಕ್ಕೆ, ಅದರ ಬದಲು ಇಂಟರ್‌ನೆಟ್ ಮೂಲಕ ಬಳಸುವ ಕ್ಲೌಡ್ ಆವೃತ್ತಿ ಆಯ್ಕೆಯೇ ಅಲ್ಲ. ಟೆಕ್ ಪಾರ್ಕಿನ ತಂಡ ಮಾತ್ರ ದತ್ತಾಂಶ ಸಾಗಿಸಲು ಕೂತಿತು. ಟಿಕೆಟ್‌ಗಳು ಸುಲಭವಾಗಿ ದಾಟುತ್ತವೆ. ಪರೀಕ್ಷೆಯ ಹಂತಗಳು, ಅವುಗಳ ಹಳೆಯ ಓಟಗಳು, ಅಂಟಿಸಿದ ಸ್ಕ್ರೀನ್‌ಶಾಟ್‌ಗಳು ಅಷ್ಟು ಸಲೀಸಾಗಿ ಬರುವುದಿಲ್ಲ. ಆದ್ದರಿಂದ ಹೊಸ ಸಾಧನಕ್ಕೆ ಹೋದ ಮೇಲೂ ಹಳೆಯದನ್ನು ಬದಲಾವಣೆಗೆ ಬೀಗ ಹಾಕಿ, ಆಡಿಟರ್ ಕೇಳಿದಾಗ ತೋರಿಸಲೆಂದು ಉಳಿಸಿಕೊಳ್ಳುವುದು ರೂಢಿ.