ಊರೂರಿನ ನೋಟು: ಸ್ಪೇನಿನ ಅಂತರ್ಯುದ್ಧದ ಚಿಲ್ಲರೆ ಹಣ

1936ರ ಜುಲೈನಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಜನ ಬೆಳ್ಳಿಯ ಪೆಸೆಟಾ ನಾಣ್ಯಗಳನ್ನು ಬಚ್ಚಿಡತೊಡಗಿದರು. ಚಿಲ್ಲರೆಯಿಲ್ಲದೆ ದಿನದ ವ್ಯಾಪಾರವೇ ತೊಡಕಾಯಿತು. ಗಣರಾಜ್ಯದ ಹಿಡಿತದಲ್ಲಿದ್ದ ಪ್ರದೇಶಗಳಲ್ಲಿ ನೂರಾರು ಪುರಸಭೆಗಳು ತಾವೇ ನೋಟು ಅಚ್ಚು ಹಾಕಿಸಿದವು. ಹೆಚ್ಚಿನವು 25 ಸೆಂಟಿಮೊ, 50 ಸೆಂಟಿಮೊ, 1 ಪೆಸೆಟಾದಂಥ ಸಣ್ಣ ಮೌಲ್ಯದವು. ಆಯಾ ಊರಿನಲ್ಲಷ್ಟೇ ನಡೆಯುತ್ತಿದ್ದವು.

ಕ್ಯಾಟಲೋನಿಯಾದ ನೋಟುಗಳು ಸಂಗ್ರಾಹಕರಿಗೆ ದೊಡ್ಡ ಗಣಿ. ಸಣ್ಣ ಹಳ್ಳಿಗಳ ನೋಟಿನಲ್ಲೂ ಊರಿನ ಹೆಸರು, ಮೊಹರು, ಸಹಿ, ಕ್ಯಾಟಲನ್ ಭಾಷೆಯ ಬರಹ ಕಾಣಸಿಗುತ್ತವೆ. ಅಲ್ಲಿನ ಪ್ರಾಂತೀಯ ಸರ್ಕಾರವೂ 1936ರಲ್ಲೇ ನೋಟು ಹೊರಡಿಸಿತು. ಅಸ್ತೂರಿಯಾಸ್ ಮತ್ತು ಲಿಯೋನ್ ಪ್ರಾಂತ್ಯಗಳ ನೋಟುಗಳನ್ನು ಜನ, ಅಲ್ಲಿನ ಆಡಳಿತ ಮಂಡಳಿಯ ಮುಖ್ಯಸ್ಥ ಬೆಲಾರ್ಮಿನೊ ತೊಮಾಸ್ ಹೆಸರಿನಿಂದ ‘ಬೆಲಾರ್ಮಿನೊ’ ಎಂದೇ ಕರೆದರು.

1938ರ ಆರಂಭದಲ್ಲಿ ಗಣರಾಜ್ಯ ಸರ್ಕಾರ ಸ್ಥಳೀಯ ನೋಟುಗಳನ್ನು ನಿಷೇಧಿಸಿತು. ಬದಲಿಗೆ ಬಂದದ್ದು ಗುಂಡನೆಯ ರಟ್ಟಿನ ಬಿಲ್ಲೆ: ಒಂದು ಬದಿಗೆ ಲಾಂಛನ, ಇನ್ನೊಂದು ಬದಿಗೆ ಅಂಟಿಸಿದ ಸ್ಟಾಂಪು. 1939ರಲ್ಲಿ ಗಣರಾಜ್ಯದ ವಿರುದ್ಧ ದಂಗೆಯೆದ್ದ ಸೇನಾನಿ ಫ್ರಾಂಕೊ ಗೆದ್ದ ಮೇಲೆ ಈ ಹಣವೆಲ್ಲ ಬೆಲೆ ಕಳೆದುಕೊಂಡಿತು.

ಅಗ್ಗದ ಕಾಗದ ಬೇಗ ಸವೆದುಹೋಗುತ್ತಿದ್ದುದರಿಂದ ಮಡಿಕೆ ಬೀಳದ ಪ್ರತಿಗೆ ಇಂದು ಬೆಲೆ ಹೆಚ್ಚು. ಆದರೆ ಮಾಸಿದ, ಅಂಚು ಹರಿದ ನೋಟೇ ಆ ಕಾಲಕ್ಕೆ ಹೆಚ್ಚು ನಿಜವಾದ ಸಾಕ್ಷಿ. ಅದು ಕೈಯಿಂದ ಕೈಗೆ ದಾಟಿ ಬಂದದ್ದು.